ಹಸಿರು ನೂಲಿನ ಚವರಿ

ಆ ಶನಿವಾರ ಮಧ್ಯಾಹ್ನ ಅಕ್ಕ ನನಗೆ ಜಡೆಯನ್ನು ಹಿಂದಕ್ಕೆ ಎಸೆಯುವುದು ಹೇಗೆಂದು ಕಲಿಸುತ್ತಿದ್ದಳು. ಬೊಂಬಾಯಿಯಲ್ಲಿ, ಚೆಂಬೂರಿನ ನಮ್ಮ ಎರಡು ಕೋಣೆಯ ಮನೆ. ಅವಳ ಶಾಲೆಗೂ ನನ್ನ ಆಫೀಸಿಗೂ ಅರ್ಧ ದಿನ ರಜೆ. ಒಂದು ಟವೆಲ್ಲನ್ನು ಉದ್ದಕ್ಕೆ ಹುರಿ ಮಾಡಿ, ನನ್ನ ಅಂಗಿಯ ಕಾಲರಿಗೆ ಹಿಂದಿನಿಂದ ಪಿನ್ನು ಹಾಕಿ ಸಿಕ್ಕಿಸಿ, ಅದರ ತುದಿಯನ್ನು ಎದೆಯ ಮೇಲೆ ತಂದು ಬಿಟ್ಟಿದ್ದಳು. ನಾನು ಅದನ್ನು ಹಿಡಿದು ಬೆನ್ನಿಗೆ ಎಸೆದೆ.

"ಕೈಯಿಂದ ಎಸೀಬೇಡ ಮಾರಾಯ. ದನ ಬಾಲ ಬೀಸಿದ ಹಾಗೆ ಕಾಣ್ತದೆ."

"ಮತ್ತೆ ಎಂತ ಮಾಡುದು?"

"ಕುತ್ತಿಗೆ ಸ್ವಲ್ಪ ತಿರುಗಿಸು. ಅದೇ ಹೋಗ್ತದೆ. ಜಡೆ ಉಂಟು ಅಂತ ನಿಂಗೆ ನೆನಪೇ ಇರಬಾರದು."

ಒಳಗೆ ಅಕ್ಕಿ ಆರಿಸುತ್ತಿದ್ದ ಅಮ್ಮ, "ಗಂಡು ಹುಡುಗನಿಗೆ ಇದನ್ನೆಲ್ಲ ಕಲಿಸು ನೀನು. ನಾಳೆ ಅವನನ್ನೂ ನೋಡ್ಲಿಕ್ಕೆ ಯಾರಾದ್ರೂ ಬಂದಾರು," ಎಂದಳು.

"ಬರ್ಲಿ ಅಮ್ಮ. ಅಡುಗೆ ಬರ್ತದಾ ಕೇಳಿದ್ರೆ ಮುಗೀತು ಇವನ ಕತೆ."

ಮೂವರೂ ನಕ್ಕೆವು. ಹೊರಗೆ ಗಾಳಿ ರಿಫೈನರಿಯ ಕಡೆಯಿಂದ ಬೀಸುತ್ತಿತ್ತು, ಅಮ್ಮ ಎದ್ದು ಬಂದು ಕಿಟಕಿ ಹಾಕಿದಳು. ಅಷ್ಟೇ. ಆ ಹೊತ್ತಿಗೆ ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ.

ಅಕ್ಕ ಹೋಗಿ ಒಂಬತ್ತು ತಿಂಗಳಾಯಿತು. ಅವಳ ಬಗ್ಗೆ ನಾಲ್ಕು ಸಾಲು ಬರೆದಿಡಬೇಕೆಂದು ಕುಳಿತಾಗಲೆಲ್ಲ ಮೊದಲು ಬರುವುದು ಆ ಶನಿವಾರ. ಅವಳು ನನ್ನೆದುರು ಬಾಯಿ ತುಂಬ ನಕ್ಕ ದಿನಗಳಲ್ಲಿ ಅದು ಕೊನೆಯದು. ಆಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಅದೇ ಊರಲ್ಲಿ, ಹೆಚ್ಚುಕಡಿಮೆ ಅದೇ ಓಣಿಯಲ್ಲಿ ಇದ್ದೆವು. ಆಗಲೂ ನಗುತ್ತಿದ್ದಳು, ಆದರೆ ನನ್ನ ಕಡೆ ನೋಡುತ್ತಾ ಅಲ್ಲ.

ಇಸವಿ ಎಪ್ಪತ್ತೆರಡೋ ಎಪ್ಪತ್ತಮೂರೋ ಇರಬೇಕು. ನನಗೆ ಇಪ್ಪತ್ತೊಂದು, ಅಕ್ಕನಿಗೆ ಇಪ್ಪತ್ತೈದು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ನಾನು ಒಂದು ಆಫೀಸಿನಲ್ಲಿ ಗುಮಾಸ್ತ. ಭಾನುವಾರ ನಮ್ಮ ಸಂಘದ ನಾಟಕದ ತಾಲೀಮು. ಸಂಘದವರಲ್ಲಿ ಅರ್ಧ ಮಂದಿ ಹೋಟೆಲಿನವರು, ಉಳಿದವರು ನನ್ನಂಥ ಗುಮಾಸ್ತರು. ಹೋಟೆಲಿನವರಿಗೆ ಬಿಡುವು ಸಿಗುವುದು ಮಧ್ಯಾಹ್ನದ ಊಟ ಮುಗಿದ ಮೇಲೆ. ಆದ್ದರಿಂದ ನಮ್ಮ ನಾಟಕಗಳು ಮೂರು ಗಂಟೆಗೆ ಶುರುವಾಗಿ, ಸಂಜೆಯ ಗಿರಾಕಿಗಳು ಬರುವುದರೊಳಗೆ ಮುಗಿಯುತ್ತಿದ್ದವು.

ಆ ಸಲದ ನಾಟಕದಲ್ಲಿ ತಾಯಿಯಿಲ್ಲದ ಒಬ್ಬ ಹುಡುಗಿಯ ಪಾತ್ರವಿತ್ತು. ಮೂವರು ಅಣ್ಣಂದಿರ ಮನೆಯನ್ನು ಅವಳೇ ನಡೆಸುತ್ತಾಳೆ. ಆ ಪಾತ್ರಕ್ಕೆ ಗೊತ್ತುಮಾಡಿದ್ದ ಹುಡುಗಿಯನ್ನು ಅವಳ ತಂದೆ ಇನ್ನು ಎರಡು ವಾರ ಇದೆ ಎನ್ನುವಾಗ ಕಳಿಸುವುದಿಲ್ಲ ಎಂದುಬಿಟ್ಟರು. ನಾನು ತೆಳ್ಳಗಿದ್ದೆ. ಆ ಕಾಲದ ಫ್ಯಾಷನ್ನಿಗೆ ತಕ್ಕಂತೆ ಕೂದಲನ್ನು ಕುತ್ತಿಗೆಯವರೆಗೆ ಬಿಟ್ಟಿದ್ದೆ. ಎಲ್ಲರೂ ನನ್ನ ಕಡೆ ನೋಡಿದರು.

ನಮಗೆ ಬಣ್ಣ ಹಚ್ಚುತ್ತಿದ್ದವರು ಬಿಜಾಪುರದ ಕಡೆಯವರು, ಪರೇಲ್‌ನ ಒಂದು ಮಿಲ್ಲಿನಲ್ಲಿ ಕೆಲಸ. ಹಿಂದೆ ಊರೂರು ತಿರುಗುವ ನಾಟಕ ಕಂಪನಿಯಲ್ಲಿದ್ದರು. ನಾವು ಅವರನ್ನು ಮಾಸ್ತರ್ ಎನ್ನುತ್ತಿದ್ದೆವು. ಮುಖಕ್ಕೆ ಬಣ್ಣ ಹಚ್ಚುವುದು ಅವರಿಗೆ ಎರಡನೆಯ ಕೆಲಸ. ಮೊದಲನೆಯದು ತಲೆ.

"ಮಾರಿ ಆಮ್ಯಾಲ ನೋಡೂಣು. ಮೊದಲ ಹೇಳು ತಮ್ಮಾ, ಈಕಿ ತಲಿ ಯಾರು ಬಾಚತಾರ?" ಎಂದು ಅವರು ಮೊದಲ ದಿನವೇ ಕೇಳಿದರು.

ನನಗೆ ಅರ್ಥವಾಗಲಿಲ್ಲ.

"ಹೆಣಮಗಳು ಅಂದ್ರ ಎಲ್ಲಾರೂ ಒಂದ ಅಲ್ಲ. ತಾಯಿ ಕೂತು ಹೆಣೆದ ಜಡಿ ನೆಟ್ಟಗ ಬೆನ್ನ ಮ್ಯಾಲ ಇಳೀತದ. ತಾನ ಹೆಣಕೊಂಡಾಕಿದು ಒಂದು ಭುಜದ ಕಡೆ ವಾಲತದ, ಕೈ ಹಿಂದ ಮುಟ್ಟಂಗಿಲ್ಲ ನೋಡು, ಮುಂದ ತಂದು ಹೆಣೀತಾಳ. ಬೈತಲಿ ಹಣಿ ಮ್ಯಾಲ ನೆಟ್ಟಗ ಇರ್ತದ, ಹಿಂದ ಹೋದಂಗ ಸೊಟ್ಟ ಆಗ್ತದ. ಯಾಕ? ಹಿಂದಿಂದು ಆಕಿಗೆ ಕಾಣಂಗಿಲ್ಲ. ಯಾರೂ ಹೇಳಾವ್ರೂ ಇಲ್ಲ."

ಎರಡು ವಾರದಲ್ಲಿ ಅವರು ಹೇಳಿಕೊಟ್ಟಿದ್ದು ಇಂಥವೇ. ಮನೆಯ ಯಜಮಾನಿಕೆ ನಡೆಸುವ ಹಿರಿಯಣ್ಣನ ಕೂದಲಿಗೆ ಎಣ್ಣೆ ಜಾಸ್ತಿ, ಬಾಚಣಿಗೆಯ ಗೆರೆ ಎದ್ದು ಕಾಣಬೇಕು. ಕೆಲಸ ಕಳೆದುಕೊಂಡ ನಡುವಿನವನ ಕಿವಿಯ ಹಿಂದೆ ಕೂದಲು ಬೆಳೆದಿರಬೇಕು, ಕ್ಷೌರಕ್ಕೆ ಹೋಗದೆ ಎಷ್ಟು ದಿನವಾಯಿತು ಎಂಬುದು ಅವನು ಬಾಯಿ ತೆರೆಯುವ ಮೊದಲೇ ಕೊನೆಯ ಸಾಲಿನವನಿಗೂ ತಿಳಿಯಬೇಕು. ಮುದುಕನಿಗೆ ತಲೆಯಿಡೀ ಬಿಳಿ ಪುಡಿ ಬಳಿಯುವವರನ್ನು ಅವರು ಬಯ್ಯುತ್ತಿದ್ದರು: ನೆರೆ ಮೊದಲು ಬರುವುದು ಕಿವಿಯ ಪಕ್ಕದ ಕೂದಲಿನಲ್ಲಿ, ಅಲ್ಲಿಂದ ಅದು ಮೇಲೆ ಹತ್ತಬೇಕು.

ಗಿರಗಾಂವ್‌ನ ಡ್ರೆಸ್‌ವಾಲಾನಿಂದ ಬಾಡಿಗೆಗೆ ಬಂದ ಉದ್ದ ಕೂದಲಿನ ಟೋಪನ್ನನ್ನು ಅವರು ನನ್ನ ತಲೆಗೆ ಒಮ್ಮೆ ಇಟ್ಟು ತೆಗೆದರು. "ಇದು ಟೊಪಿಗಿ. ಮುಂದಿನ ಕೂದಲು ನಿಂದ ಇರ್ಲಿ. ಹಿಂದ ಚವರಿ ಕೂಡಸೂಣು," ಎಂದರು. ಆದರೆ ಜಡೆಗೆ ಸೇರಿಸಿ ಹೆಣೆಯಲು ಪೇಟೆಯಲ್ಲಿ ಸಿಗುವ ಚವರಿ ದೀಪದ ಬೆಳಕಿಗೆ ಮಿಂಚುತ್ತಿತ್ತು. ನಿಜವಾದ ಕೂದಲಿನ ಚವರಿ ಬೇಕು ಎಂದರು.

ಅಂಥದ್ದು ನಮ್ಮ ಮನೆಯಲ್ಲಿತ್ತು.

ಅಕ್ಕನಿಗೆ ಹದಿನೆಂಟರಲ್ಲಿ ಟೈಫಾಯ್ಡ್ ಬಂದಿತ್ತು. ತಲೆದಿಂಬಿನ ಮೇಲೆ ಕೂದಲು ಮುಷ್ಟಿ ಮುಷ್ಟಿ ಸಿಗತೊಡಗಿದಾಗ, ಡಾಕ್ಟರು ಉಳಿದದ್ದನ್ನು ತೆಗೆಸಿಬಿಡಿ ಎಂದರು. ಮೊಣಕಾಲು ಮುಟ್ಟುವ ಜಡೆ ಅದು. ಅಮ್ಮ ಅದನ್ನು ಜಡೆಯಾಗಿಯೇ ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿಟ್ಟು, ಆಮೇಲೆ ಚವರಿ ಕಟ್ಟುವ ಹೆಂಗಸಿನಿಂದ ಬುಡ ಕಟ್ಟಿಸಿದಳು. ಮತ್ತೆ ಬೆಳೆದ ಕೂದಲು ಭುಜದಾಚೆ ಇಳಿಯಲಿಲ್ಲ, ದಟ್ಟವೂ ಆಗಲಿಲ್ಲ. ಅಂದಿನಿಂದ ಅಕ್ಕ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ಒಳಕೋಣೆಯ ಬಾಗಿಲು ಹಾಕಿಕೊಂಡು, ತಾನೇ ಹೆಣೆದುಕೊಂಡು ಹೊರಗೆ ಬರುತ್ತಿದ್ದಳು. ಅಮ್ಮನಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅದು ಚವರಿ ಎಂದು ಮನೆಯ ಹೊರಗೆ ಒಬ್ಬರಿಗೂ ತಿಳಿದಿರಲಿಲ್ಲ. ಅವಳದೇ ಕೂದಲಲ್ಲವೇ, ಬಣ್ಣ ಸರಿಯಾಗಿ ಕೂಡುತ್ತಿತ್ತು.

ಮಾಸ್ತರರು ಸೊಟ್ಟ ಬೈತಲೆ ಎಂದಾಗ ನನ್ನ ಕಣ್ಣಿಗೆ ಬಂದದ್ದು ಅಕ್ಕನ ತಲೆಯ ಹಿಂಭಾಗ. ಅವರ ಮಾತನ್ನು ಮನೆಯಲ್ಲಿ ಅವಳಿಗೆ ಹೇಳಿದ್ದೆ ಕೂಡ. "ಹುಷಾರಿನ ಜನ," ಎಂದಿದ್ದಳು.

ನಾಟಕಕ್ಕೆ ಮೊದಲು ಬೊರಿವಲಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ರೈಲ್ವೆಯಲ್ಲಿ ಕೆಲಸದಲ್ಲಿದ್ದ, ಅಕ್ಕನಿಗೆ ಒಪ್ಪಿಗೆಯಾಗಿತ್ತು. ಅವಳು ಹಾಗೆಂದು ಹೇಳಲಿಲ್ಲ, ಅವರು ಹೋದ ಮೇಲೆ ಎರಡು ಸಲ ಲೋಟ ತೊಳೆದಳು. ಹೊರಡುವಾಗ ಹುಡುಗನ ತಾಯಿ ಅವಳ ಜಡೆಯನ್ನು ಕೈಯಲ್ಲಿ ಹಿಡಿದು, "ಬೊಂಬಾಯಿಯ ನೀರಿನಲ್ಲೂ ಎಂಥ ಕೂದಲು!" ಎಂದರು. ಅಮ್ಮ ಸುಮ್ಮನಿದ್ದಳು. ನಾಟಕ ಕಳೆದು ಮುಂದಿನ ಭಾನುವಾರ ನಿಶ್ಚಯಕ್ಕೆ ಬರುವವರಿದ್ದರು.

ಆ ಶನಿವಾರ ಟವೆಲ್ಲು ಬಿಚ್ಚಿಟ್ಟ ಮೇಲೆ ನಾನು ಚವರಿ ಕೇಳಿದೆ. ಅಕ್ಕ ಟವೆಲ್ಲನ್ನು ಮಡಿಸಿಟ್ಟಳು.

"ನಾಳೆ ಹಾಗಾದ್ರೆ ನಾನು ನಾಟಕಕ್ಕೆ ಬರ್ಲಿಕ್ಕಾಗುದಿಲ್ಲ."

"ತಲೆಗೆ ಸೆರಗು ಹೊದ್ದು ಬಾ."

"ಬೇಡ. ಹೇಗಾಯ್ತು ಅಂತ ನೀನೇ ಹೇಳು. ಯಾರದ್ದು ಅಂತ ಮಾತ್ರ ಹೇಳ್ಬೇಡ, ಆಯ್ತಾ?" ಆಮೇಲೆ ಅಮ್ಮನಿಗೂ ಕೇಳುವಂತೆ ಹೇಳಿದಳು: "ಬೊರಿವಲಿಯವರಿಗೆ ನಾನೇ ಹೇಳ್ತೇನೆ. ನಿಶ್ಚಯಕ್ಕೆ ಮೊದಲು, ಅವರ ಹತ್ತಿರವೇ. ಬೇಡ ಅಂದ್ರೆ ನನ್ನೆದುರು ಅನ್ಲಿ."

ಅವರಿಗೆ ನಾನು ಎರಡು ಪಾಸು ಕಳಿಸಿದ್ದೆ. ಭಾವನಾಗುವವನು ನನ್ನ ನಾಟಕ ನೋಡಲಿ ಎಂದು. ಅದನ್ನು ಅಕ್ಕನಿಗೆ ಆಗಲೂ ಹೇಳಲಿಲ್ಲ. ಹೇಳಿದ್ದರೆ ಅವಳು ಚವರಿ ಕೊಡುತ್ತಿರಲಿಲ್ಲ.

ಭಾನುವಾರ ಪರೇಲ್‌ನ ಆ ಹಾಲ್‌ನಲ್ಲಿ ಮಾಸ್ತರರು ಒಂದು ಗಂಟೆ ನನ್ನ ತಲೆಯ ಮೇಲೆ ಕೆಲಸ ಮಾಡಿದರು. ಚವರಿಯನ್ನು ಕೈಗೆ ತೆಗೆದುಕೊಂಡಾಗ, "ಜ್ವರದಾಗ ಕೊಯ್ದದ್ದು ಇದು," ಎಂದು ಮೆಲ್ಲನೆ ಅಂದರು. ಹೇಗೆ ಗೊತ್ತಾಯಿತೋ. ಯಾರದು ಎಂದು ಕೇಳಲಿಲ್ಲ. ಬೈತಲೆಯನ್ನು ಹಿಂದೆ ಸೊಟ್ಟ ಮಾಡಿದರು, ಜಡೆಯನ್ನು ಎಡಭುಜಕ್ಕೆ ವಾಲಿಸಿದರು. "ಅಳೂ ಸೀನಿನ್ಯಾಗ ತಲಿ ಅಳ್ಳಾಡಸಬ್ಯಾಡ. ಜಡಿ ಮುಂದ ಬಿಟ್ಟುಕೊಂಡು ಸುಮ್ಮ ಕೂಡು. ಅಷ್ಟ ಸಾಕು," ಎಂದರು.

ನಾನು ಮೊದಲ ಸಲ ರಂಗದ ಮೇಲೆ ಹೋದದ್ದು ಪ್ರೇಕ್ಷಕರಿಗೆ ಬೆನ್ನು ಮಾಡಿ, ದೇವರ ಪಟಕ್ಕೆ ದೀಪ ಹಚ್ಚುತ್ತಾ. ಇನ್ನೂ ಒಂದು ಮಾತೂ ಆಡಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಹೆಂಗಸು, "ಅಯ್ಯೋ, ಪಾಪದ ಹುಡುಗಿ," ಎಂದದ್ದು ಕೇಳಿಸಿತು. ಆಕೆ ನೋಡಿದ್ದು ನನ್ನ ತಲೆಯ ಹಿಂಭಾಗ ಮಾತ್ರ. ಎರಡು ಅಂಕ ಹಾಗೆಯೇ ನಡೆಯಿತು. ಹಾಲ್‌ನಲ್ಲಿ ಕೆಮ್ಮು ಸಹ ಇರಲಿಲ್ಲ.

ಆ ಮೌನ ನನಗೆ ಸಾಲಲಿಲ್ಲ. ಹೆಣ್ಣುವೇಷದ ಹುಡುಗನಿಗೆ ಶಿಳ್ಳೆ ಬೀಳುತ್ತದೆ, ಚಪ್ಪಾಳೆ ಬೀಳುತ್ತದೆ ಎಂದು ಗೆಳೆಯರು ಹೇಳಿದ್ದರು. ಒಂದೂ ಬಿದ್ದಿರಲಿಲ್ಲ. ಮೂರನೆಯ ಅಂಕದಲ್ಲಿ ಹಿರಿಯಣ್ಣ ಬೈದು ಹೋದ ಮೇಲೆ ನಾನು ಕುರ್ಚಿಯಲ್ಲಿ ಸುಮ್ಮನೆ ಕುಳಿತು ಅಳಬೇಕು. ನಾನು ಕುತ್ತಿಗೆ ತಿರುಗಿಸಿದೆ. ಅಕ್ಕ ಕಲಿಸಿದಂತೆ ಜಡೆ ಬೆನ್ನಿಗೆ ಹಾರಿತು. ಚೆನ್ನಾಗಿಯೇ ಹಾರಿತು. ಹಾರಿ ಬೆತ್ತದ ಕುರ್ಚಿಯ ಬೆನ್ನಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ನಾನು ಎದ್ದೆ, ಜಡೆ ಏಳಲಿಲ್ಲ.

ಕ್ಷಣ ಬಿಟ್ಟು ಹಾಲ್ ಇಡೀ ನಕ್ಕಿತು.

ಆಗ ನಾನು ಒಳಗೆ ಹೋಗಬಹುದಿತ್ತು. ಮುಖ ಮುಚ್ಚಿಕೊಂಡು ಅಳುವುದನ್ನು ಮುಂದುವರಿಸಬಹುದಿತ್ತು. ಪರದೆ ಎಳೆಯುವವನು ಹಗ್ಗ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಕುರ್ಚಿಯಿಂದ ಚವರಿಯನ್ನು ಕಿತ್ತು ಮೇಲೆತ್ತಿ ಹಿಡಿದೆ. ನನ್ನ ಗಂಡು ಧ್ವನಿಯಲ್ಲಿ, ಹಾಲ್‌ಗೆಲ್ಲ ಕೇಳುವಂತೆ ಹೇಳಿದೆ:

"ನಮ್ಮಕ್ಕನ ಚವರಿ ಸ್ವಾಮಿ! ಹಾಳಾದ್ರೆ ನಾಳೆ ಶಾಲೆಗೆ ಹೇಗೆ ಹೋಗ್ತಾಳೆ?"

ಅಂಥ ನಗು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಶಿಳ್ಳೆ ಬಿತ್ತು. ನಾನು ಅದನ್ನು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಸೈಡ್‌ವಿಂಗಿಗೆ ಎಸೆದೆ. ಬೊರಿವಲಿಯವರು ಬಂದದ್ದನ್ನು ಆ ಗಳಿಗೆಯಲ್ಲಿ ಮರೆತಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ನಿಜವಲ್ಲ. ಮೊದಲ ಅಂಕದಲ್ಲೇ ಅವರನ್ನು ನೋಡಿದ್ದೆ, ಮೂರನೆಯ ಸಾಲು, ಹುಡುಗ ಮತ್ತು ಅವನ ತಾಯಿ. ನಗು ಅದಕ್ಕಿಂತ ಹತ್ತಿರದಲ್ಲಿತ್ತು, ಅಷ್ಟೇ.

ಒಳಗೆ ಬಂದಾಗ ಮಾಸ್ತರರು ನನ್ನ ಮುಖದ ಬಣ್ಣ ಒರೆಸಲು ಬರಲಿಲ್ಲ. ಎಣ್ಣೆಯ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು.

"ಎರಡು ಅಂಕ ಆ ಹುಡುಗಿ ಜೀವ ಹಿಡಕೊಂಡು ಕುಂತಿದ್ಲು ತಮ್ಮಾ. ನೀ ಕೊಂದಿ."

ಉಳಿದವರು ಬೆನ್ನು ತಟ್ಟಿದರು. ಸಂಘದವರೊಬ್ಬರ ಹೋಟೆಲಿನಲ್ಲಿ ತಿಂಡಿ ಇತ್ತು, ಎಲ್ಲರೊಂದಿಗೆ ಹೋದೆ. ಚವರಿ ನೆನಪಾದದ್ದು ಚೆಂಬೂರಿನ ಸ್ಟೇಷನ್ನಿನಲ್ಲಿ ಇಳಿದ ಮೇಲೆ.

ಅಕ್ಕ ಬಾಗಿಲಲ್ಲೇ ಇದ್ದಳು. ಭುಜದವರೆಗಿನ ಕೂದಲನ್ನು ರಿಬ್ಬನ್ನಿನಿಂದ ಕಟ್ಟಿದ್ದಳು, ಸಣ್ಣ ಹುಡುಗಿಯಂತೆ ಕಾಣುತ್ತಿದ್ದಳು.

"ಹೇಗಾಯ್ತು?"

"ಚೆನ್ನಾಗಾಯ್ತು."

"ಅಳುವ ಸೀನು?"

"ಎಲ್ಲರಿಗೂ ಹಿಡಿಸಿತು."

"ಜಡೆ ಹಿಂದೆ ಹಾಕಿದ್ಯಾ?"

"ಹೂಂ. ನೀನು ಹೇಳಿದ ಹಾಗೇ."

ಅವಳ ಮುಖ ಅರಳಿತು. ಆಮೇಲೆ ಚವರಿ ಕೇಳಿದಳು. ಮಾಸ್ತರರ ಬಳಿ ಇದೆ, ನಾಳೆ ತರುತ್ತೇನೆ ಎಂದೆ.

"ನಾಳೆ ಬೆಳಿಗ್ಗೆ ನನಗೆ ಶಾಲೆ ಉಂಟಲ್ಲ," ಎಂದಳು. ಸಿಟ್ಟಿನಿಂದಲ್ಲ. ನನಗೆ ಮರೆತುಹೋಗಿರಬಹುದು ಎಂಬಂತೆ.

ಸೋಮವಾರ ಅವಳು ಏಳು ವರ್ಷಗಳಲ್ಲಿ ಮೊದಲ ಸಲ ತನ್ನ ತಲೆಯಲ್ಲಿ ಇದ್ದಷ್ಟೇ ಕೂದಲು ಕಟ್ಟಿಕೊಂಡು ಶಾಲೆಗೆ ಹೋದಳು. ಒಂದನೇ ಇಯತ್ತೆಯ ಮಗುವೊಂದು "ಟೀಚರ್, ನಿಮ್ಮ ಜಡೆ ಎಲ್ಲಿ?" ಎಂದು ಕೇಳಿತಂತೆ. ಇದನ್ನು ಎಷ್ಟೋ ವರ್ಷಗಳ ಮೇಲೆ ಅಮ್ಮ ಹೇಳಿದಳು. ಅಕ್ಕ ಏನು ಉತ್ತರ ಕೊಟ್ಟಳೋ ಅಮ್ಮನಿಗೂ ಗೊತ್ತಿರಲಿಲ್ಲ.

ಅಂದೇ ನಾನು ಅರ್ಧ ದಿನ ರಜೆ ಹಾಕಿ ಪರೇಲ್‌ಗೆ ಹೋಗಿ, ಮಿಲ್ಲಿನ ಗೇಟಿನ ಹೊರಗೆ ಮಾಸ್ತರರ ಪಾಳಿ ಬಿಡುವವರೆಗೆ ಕಾದೆ. ಚವರಿ ಅವರ ಬಳಿ ಇರಲಿಲ್ಲ. ವಿಂಗಿನಲ್ಲಿ ಬಿದ್ದದ್ದನ್ನು ಯಾರೋ ಬಾಡಿಗೆಯದೆಂದು ತಿಳಿದು ಟೋಪನ್ನುಗಳ ಪೆಟ್ಟಿಗೆಗೆ ಹಾಕಿರಬೇಕು ಎಂದರು. ಇಬ್ಬರೂ ಗಿರಗಾಂವ್‌ಗೆ ಹೋದೆವು. ಹತ್ತಿಯ ಚೂರುಗಳು ಇನ್ನೂ ಅವರ ಹುಬ್ಬಿನ ಮೇಲಿದ್ದವು.

ಡ್ರೆಸ್‌ವಾಲಾನ ಮಾಳಿಗೆಯಲ್ಲಿ ಗೋಡೆಯುದ್ದಕ್ಕೂ ರಾಜರ ಕಿರೀಟಗಳು, ಕೆಳಗೆ ಪೆಟ್ಟಿಗೆಗಳು. ಆ ಭಾನುವಾರ ನಾಲ್ಕು ಕಡೆ ನಾಟಕವಿತ್ತಂತೆ, ಎಲ್ಲದರ ಕೂದಲೂ ವಾಪಸು ಬಂದಿತ್ತು. ಅವನು ಒಂದು ಪೆಟ್ಟಿಗೆಯನ್ನು ಚಾಪೆಯ ಮೇಲೆ ಸುರಿದ.

"ಪೆಹಚಾನೋ ಭಾಯ್. ತುಮ್ಹಾರಾ ಕೌನ್ಸಾ?" ನಮ್ಮದು ಯಾವುದೋ ನಾವೇ ಗುರುತಿಸಬೇಕಂತೆ.

ಗಡ್ಡಗಳು, ಜಟೆಗಳು, ಟೋಪನ್ನುಗಳು, ಅವುಗಳ ನಡುವೆ ಹತ್ತು ಹನ್ನೆರಡು ಚವರಿ. ಅರ್ಧದಷ್ಟು ನಿಜವಾದ ಕೂದಲಿನವು. ಎಲ್ಲವೂ ಕಪ್ಪು. ನಾನು ಒಂದೊಂದನ್ನೇ ಎತ್ತಿ ನೋಡಿದೆ. ಎರಡು ವಾರ ಅಕ್ಕ ಹೇಗೆ ಏಳುತ್ತಾಳೆ, ಹೇಗೆ ಪಿನ್ನು ಕಚ್ಚಿಕೊಳ್ಳುತ್ತಾಳೆ, ಹೇಗೆ ಬಗ್ಗಿದಾಗ ಜಡೆ ಜಾರುತ್ತದೆ ಎಂದು ಕಣ್ಣಿಟ್ಟು ನೋಡಿ ಕಲಿತವನು ನಾನು. ನನಗೆ ಗೊತ್ತಾಗಲಿಲ್ಲ.

"ಬುಡಕ್ಕ ಯಾವ ಬಣ್ಣದ ನೂಲಿತ್ತು?" ಎಂದು ಮಾಸ್ತರರು ಕೇಳಿದರು. "ನಾನರ ನಿನ್ನೆ ಮಬ್ಬಿನ್ಯಾಗ ಕಟ್ಟಿದೆ, ನೋಡಲಿಲ್ಲ. ನಿನ್ನ ಮನಿಯಂದಲ್ಲೇನೋ?"

ನಾನು ಉದ್ದ ಸರಿಯೆನಿಸಿದ ಒಂದನ್ನು ಎತ್ತಿಕೊಂಡು ಇದೇ ಎಂದೆ. ಮಾಸ್ತರರು ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಇದು ಜ್ವರದ ಕೂದಲಲ್ಲ ತಮ್ಮಾ," ಎಂದರು. ನಾನು ಇದೇ ಎಂದು ಮತ್ತೊಮ್ಮೆ ಹೇಳಿದೆ. ಅವರು ಮುಖ ತಿರುಗಿಸಿ ಮೆಟ್ಟಿಲಿಳಿದರು.

ಮನೆಯಲ್ಲಿ ಅಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕೂದಲನ್ನು ನೋಡಲಿಲ್ಲ, ಬುಡವನ್ನು ತಿರುವಿ ನೋಡಿದಳು.

"ಇದು ಯಾರದ್ದೋ," ಎಂದಳು.

"ಅದೇ ಅಕ್ಕ. ಮಾಸ್ತರರು ತೊಳೆದಿದ್ದಾರೆ."

"ನನ್ನದ್ದಕ್ಕೆ ಹಸಿರು ನೂಲು. ಅಮ್ಮನ ಧಾರೆ ಸೀರೆಯ ಅಂಚಿನದ್ದು. ಇದಕ್ಕೆ ಕಪ್ಪು ನೂಲು ಉಂಟು, ನೋಡು."

ತೋರಿಸಿದಳು. ನೋಡಿದೆ. ಅವಳು ಅದನ್ನು ಬಿಸಾಡಲಿಲ್ಲ, ಪೇಪರಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. "ಯಾರೋ ಹೆಣ್ಣಿಂದು, ಪಾಪ," ಎಂದಷ್ಟೇ ಹೇಳಿದಳು. ನಾನು ಗಿರಗಾಂವ್‌ಗೆ ಮತ್ತೆ ಎರಡು ಸಲ ಹೋದೆ. ಆ ಹೊತ್ತಿಗೆ ಪೆಟ್ಟಿಗೆಗಳು ಬೇರೆ ಬೇರೆ ಊರಿಗೆ ಬಾಡಿಗೆಗೆ ಹೋಗಿದ್ದವು.

ಬುಧವಾರ ಸಂಬಂಧ ತಂದಿದ್ದ ದೂರದ ಚಿಕ್ಕಪ್ಪ ಬಂದರು. ಕಾಫಿ ಬೇಡವೆಂದರು. ಬೊರಿವಲಿಯವರಿಗೆ ಕೂದಲಿನದ್ದು ದೊಡ್ಡ ಮಾತಲ್ಲವಂತೆ. "ಆದರೆ ಹುಡುಗನ ತಾಯಿ ಜಡೆಯನ್ನು ಕೈಯಲ್ಲಿ ಹಿಡಿದು ಹೊಗಳಿದಾಗಲೂ ನೀವು ಬಾಯಿ ಬಿಡಲಿಲ್ಲ. ಇನ್ನೇನೇನು ಮುಚ್ಚಿಟ್ಟಿದ್ದೀರಿ ಅಂತ ಅವರು ಕೇಳ್ತಾರೆ. ನಾಟಕದಲ್ಲಿ ನಿಮ್ಮ ಹುಡುಗನೇ ಕೂಗಿ ಹೇಳಿದ್ದಂತೆ," ಎಂದರು.

ಅಮ್ಮ ನನ್ನ ಕಡೆ ನೋಡಿದಳು. ಅಕ್ಕ ನೋಡಲಿಲ್ಲ. ಅವಳು ಚಿಕ್ಕಪ್ಪನಿಗೆ, "ನಾನೇ ಹೇಳ್ಬೇಕಂತ ಇದ್ದೆ," ಎಂದಳು. ಒಮ್ಮೆ ಮಾತ್ರ. ಆ ಮಾತನ್ನು ಈಗ ಯಾರು ನಂಬುತ್ತಾರೆ ಎಂದು ಅವಳಿಗೇ ತಿಳಿಯಿತು, ಎರಡನೆಯ ಸಲ ಹೇಳಲಿಲ್ಲ.

ಅಕ್ಕ ಮದುವೆಯಾಗಲಿಲ್ಲ. ಅದಕ್ಕೆಲ್ಲ ನಾನೇ ಕಾರಣ ಎಂದರೆ ಅವಳ ಬದುಕನ್ನು ಸಣ್ಣದು ಮಾಡಿದಂತೆ. ಮತ್ತೆ ಎರಡು ಕಡೆಯಿಂದ ಬಂದಿತ್ತು, ಅವಳೇ ಬೇಡವೆಂದಳು. ಹೆಡ್‌ಮಿಸ್ಟ್ರೆಸ್ ಆದಳು. ಗಿಡ್ಡ ಕೂದಲಿನ ಟೀಚರ್ ಎಂದೇ ಮಕ್ಕಳು ಅವಳನ್ನು ಗುರುತಿಸುತ್ತಿದ್ದರು. ಚವರಿ ಮತ್ತೆ ಇಡಲಿಲ್ಲ. ನನ್ನ ಹೆಂಡತಿಯನ್ನು, ಮಕ್ಕಳನ್ನು ಪ್ರೀತಿಯಿಂದ ಕಂಡಳು. ನನ್ನನ್ನೂ ಬಿಡಲಿಲ್ಲ, ಕಾಯಿಲೆ ಬಿದ್ದಾಗ ಗಂಜಿ ಮಾಡಿ ತಂದಳು.

ಐದಾರು ವರ್ಷಗಳ ಮೇಲೆ ಒಮ್ಮೆ ಮಾತ್ರ ಅದರ ಹತ್ತಿರ ಬಂದಳು. ಆ ಹೊತ್ತಿಗೆ ಸಂಘದ ನಾಟಕಗಳಲ್ಲಿ ಹೆಣ್ಣುಮಕ್ಕಳೇ ಪಾತ್ರ ಮಾಡುತ್ತಿದ್ದರು. ಮಾಸ್ತರರು ಊರಿಗೆ ಹೋಗಿಬಿಟ್ಟಿದ್ದರು. ನಾವಿಬ್ಬರೂ ಅಕ್ಕಪಕ್ಕ ಕುಳಿತು ನೋಡುತ್ತಿದ್ದೆವು. ಅನಾಥ ಹುಡುಗಿಯ ಪಾತ್ರದವಳು ಬೆನ್ನು ತಿರುಗಿಸಿದಾಗ ಅಕ್ಕ ಬಗ್ಗಿ ಮೆಲ್ಲನೆ ಹೇಳಿದಳು:

"ಇವಳಿಗೆ ಯಾರೋ ಜಡೆ ಹಾಕಿದ್ದಾರೆ. ಬೈತಲೆ ನೋಡು, ಎಷ್ಟು ನೆಟ್ಟಗೆ ಉಂಟು."

ಆಗ ನಾನು ತಪ್ಪಾಯಿತೆಂದು ಹೇಳಬಹುದಿತ್ತು. ಕತ್ತಲಿತ್ತು, ಅವಳ ಮುಖ ನೋಡಬೇಕಾಗಿಯೂ ಇರಲಿಲ್ಲ. "ಹೌದು," ಎಂದೆ.

ಹೋದ ತಿಂಗಳು ಅವಳ ಟ್ರಂಕನ್ನು ತೆರೆದೆವು. ಶಾಲೆಯ ಸರ್ಟಿಫಿಕೇಟುಗಳು, ಅಮ್ಮನ ಧಾರೆ ಸೀರೆ, ಅದರ ಅಂಚಿನಲ್ಲಿ ಗೇಣುದ್ದ ನೂಲು ಕಿತ್ತ ಜಾಗ. ತಳದಲ್ಲಿ ಹಳದಿಯಾದ ಪೇಪರಿನ ಪೊಟ್ಟಣ. ನಾನು ಅದನ್ನು ಕಿಟಕಿಯ ಬಳಿ ಒಯ್ದು ಬಿಚ್ಚಿ, ಬುಡವನ್ನು ತಿರುವಿ ನೋಡಿದೆ. ಕಪ್ಪು ನೂಲು. ಹಸಿರು ನೂಲಿನದು ಇಲ್ಲ.